ಚಿಮಣಿಯಿಂದ ಸಲ್ಫೇಟ್‌ವರೆಗೆ: ಗಣಕ ಮಾದರಿಯಲ್ಲಿ ಗಂಧಕದ ರಸಾಯನಶಾಸ್ತ್ರ

ಕಲ್ಲಿದ್ದಲು ಸ್ಥಾವರಗಳು ಹೊರಬಿಡುವ ಸಲ್ಫರ್ ಡೈಆಕ್ಸೈಡನ್ನು ಅರ್ಧಕ್ಕೆ ಇಳಿಸಿದರೆ ಅದರಿಂದ ಹುಟ್ಟಿ ಮಳೆಯಲ್ಲಿ ಸೇರುವ ಸಲ್ಫೇಟ್ ಕೂಡ ಅರ್ಧವಾಗುತ್ತದೆಯೇ? 1980ರ ದಶಕದಲ್ಲಿ ಅಮೆರಿಕದ ಆಮ್ಲ ಮಳೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಎದ್ದ ಈ ಪ್ರಶ್ನೆಗೆ ಉತ್ತರ ಹುಡುಕಲು, ಓಹಾಯೊ ಕಣಿವೆಯಂಥ ಕಡೆಗಳಿಂದ ಹೊರಟ ಹೊಗೆ ಈಶಾನ್ಯ ರಾಜ್ಯಗಳನ್ನು ಮುಟ್ಟುವಷ್ಟರಲ್ಲಿ ಏನಾಗುತ್ತದೆಂದು ಲೆಕ್ಕ ಹಾಕುವ 'ರ್‍ಯಾಡಮ್' ಎಂಬ ಪ್ರಾದೇಶಿಕ ಗಣಕ ಮಾದರಿಯನ್ನು ರೂಪಿಸಲಾಯಿತು. ಇಂಥ ಮಾದರಿಯು ವಾತಾವರಣವನ್ನು ಚೌಕಗಳಾಗಿಯೂ ಪದರಗಳಾಗಿಯೂ ವಿಂಗಡಿಸಿ, ಪ್ರತಿಯೊಂದು ಕೋಶದಲ್ಲೂ ಹೊರಸೂಸುವಿಕೆ, ಗಾಳಿಯ ಸಾಗಣೆ, ರಾಸಾಯನಿಕ ಕ್ರಿಯೆ, ಮೋಡ ಮತ್ತು ನೆಲಕ್ಕಿಳಿಯುವಿಕೆಗಳನ್ನು ಸಣ್ಣ ಕಾಲಹಂತಗಳಲ್ಲಿ ಬಿಡಿಸುತ್ತದೆ.

ಮೋಡವಿಲ್ಲದ ಗಾಳಿಯಲ್ಲಿ, ಬಿಸಿಲಿನಿಂದ ಹುಟ್ಟುವ ಬಲು ಚುರುಕಾದ ಕಣವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಸಲ್ಫರ್ ಡೈಆಕ್ಸೈಡನ್ನು ಉತ್ಕರ್ಷಿಸಿ (ಆಮ್ಲಜನಕದೊಂದಿಗೆ ಕೂಡಿಸಿ), ಮುಂದಿನ ಹಂತಗಳಲ್ಲಿ ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿಸುತ್ತದೆ. ಬೇಸಿಗೆಯ ಹಗಲಿನಲ್ಲೂ ಇದರ ವೇಗ ಗಂಟೆಗೆ ಶೇ. 1ರ ಆಸುಪಾಸು ಮಾತ್ರ. ನಿಜವಾದ ವೇಗವಿರುವುದು ಮೋಡದ ಹನಿಯೊಳಗೆ. ಅಲ್ಲಿ ಕರಗಿದ ಗಂಧಕವನ್ನು ಓಝೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಉತ್ಕರ್ಷಿಸುತ್ತವೆಯಾದರೂ, ಓಝೋನ್ ಮಾರ್ಗವು ತಾನೇ ಹುಟ್ಟಿಸುವ ಆಮ್ಲ ಹೆಚ್ಚಿದಂತೆ ನಿಧಾನವಾಗಿ, ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ಪೆರಾಕ್ಸೈಡ್ ಮಾರ್ಗದ ವೇಗ ಮಾತ್ರ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಬದಲಾದರೂ ಹೆಚ್ಚು ಕದಲುವುದಿಲ್ಲ. ಆದ್ದರಿಂದ ಪಿಎಚ್ 4.5ಕ್ಕಿಂತ ಕೆಳಗಿರುವ ಹನಿಗಳಲ್ಲಿ ಬಹುಪಾಲು ಕೆಲಸ ಪೆರಾಕ್ಸೈಡಿನದೇ.

ಒಂದು ಕೋಶವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಲ್ಫರ್ ಡೈಆಕ್ಸೈಡ್ 4 ಪಿಪಿಬಿ (ಗಾಳಿಯ ನೂರು ಕೋಟಿ ಅಣುಗಳಲ್ಲಿ 4), ಪೆರಾಕ್ಸೈಡ್ 1 ಪಿಪಿಬಿ ಇವೆ, ಬೇರೆ ಮಾರ್ಗಗಳಿಲ್ಲ ಎಂದುಕೊಳ್ಳಿ. ಒಂದಕ್ಕೆ ಒಂದರಂತೆ ವರ್ತಿಸುವುದರಿಂದ ಮೋಡ ಕವಿದಾಗ ಹುಟ್ಟುವ ಸಲ್ಫೇಟ್ 1 ಪಿಪಿಬಿ. ಈಗ ಸ್ಥಾವರದ ಹೊರಸೂಸುವಿಕೆಯನ್ನು ಅರ್ಧ ಮಾಡಿ ಡೈಆಕ್ಸೈಡನ್ನು 2 ಪಿಪಿಬಿಗೆ ಇಳಿಸಿದರೂ ಸಲ್ಫೇಟ್ ಅದೇ 1 ಪಿಪಿಬಿ! ಪೆರಾಕ್ಸೈಡ್ ಹುಟ್ಟಲು ಬಿಸಿಲು ಬೇಕಾದ್ದರಿಂದ ಈ ಕೊರತೆ ಚಳಿಗಾಲದಲ್ಲಿ ಹೆಚ್ಚು ಕಾಡುತ್ತದೆ. ಸರಳ ಅನುಪಾತದ ಲೆಕ್ಕ ಸೋಲುವುದು ಇಲ್ಲೇ, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಬಿಡದೆ ಕಲಿಯಬೇಕಾದ ಭಾಗವೂ ಇದೇ.

ಕೋಶದ ಗಾತ್ರವೂ ಫಲಿತಾಂಶವನ್ನು ಕೆಡಿಸಬಲ್ಲದು. ರ್‍ಯಾಡಮ್‌ನ ಮೊದಲ ಚೌಕಗಳು 80 ಕಿ.ಮೀ. ಅಗಲದವು, ಆದರೆ ಚಿಮಣಿಯಿಂದ ಆಗಷ್ಟೇ ಹೊರಬಿದ್ದ ಹೊಗೆಯ ಪಟ್ಟಿ ಅದಕ್ಕಿಂತ ಬಹಳ ಕಿರಿದು. ಆ ಪಟ್ಟಿಯೊಳಗೆ ನೈಟ್ರಿಕ್ ಆಕ್ಸೈಡ್ ದಟ್ಟವಾಗಿದ್ದು ಓಝೋನನ್ನು ನುಂಗಿಹಾಕುವುದರಿಂದ, ಹೈಡ್ರಾಕ್ಸಿಲ್ ಕೂಡ ಕುಗ್ಗಿ, ಗಂಧಕದ ಉತ್ಕರ್ಷಣ ಮೊದಲ ಕೆಲವು ಗಂಟೆ ನಿಧಾನವಾಗಿರುತ್ತದೆ. ಮಾದರಿಯಾದರೋ ಹೊಗೆಯನ್ನು ಆ ಕ್ಷಣವೇ ಇಡೀ ಚೌಕಕ್ಕೆ ಹರಡಿಬಿಡುವುದರಿಂದ ಈ ವಿಳಂಬವನ್ನು ಕಾಣುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ದೊಡ್ಡ ಚೌಕದೊಳಗೆ ಕಿರು ಚೌಕಗಳನ್ನು ಕೂರಿಸುತ್ತಾರೆ, ಇಲ್ಲವೇ ಹೊಗೆಪಟ್ಟಿಯು ಸಾಕಷ್ಟು ಅಗಲವಾಗುವ ತನಕ ಅದನ್ನು ಪ್ರತ್ಯೇಕವಾಗಿ ಲೆಕ್ಕಿಸಿ, ಆಮೇಲಷ್ಟೇ ಚೌಕಕ್ಕೆ ಸೇರಿಸುತ್ತಾರೆ.