ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ, ವೋಟು ಮಾತ್ರ ಯಾಕೆ ಬೀಳಲ್ಲ?

ಓದುಗರ ಪ್ರಶ್ನೆ: ಓದಿದವರು, ಕೈ ಶುದ್ಧ ಇರುವವರು ಯಾವ ದೊಡ್ಡ ಪಕ್ಷದ ಹಂಗೂ ಇಲ್ಲದೆ ಚುನಾವಣೆಗೆ ನಿಲ್ಲುತ್ತಾರೆ. ಊರೆಲ್ಲ ಹೊಗಳುತ್ತದೆ. ಎಣಿಕೆ ದಿನ ನೋಡಿದರೆ ಠೇವಣಿಯೂ ಉಳಿದಿರುವುದಿಲ್ಲ. ಜನರೇ ದುಡ್ಡಿಗೆ ಬಿದ್ದಿದ್ದಾರೆ ಅಂತ ಅಂದುಕೊಳ್ಳಬೇಕಾ?

ಉತ್ತರ: ಪ್ರತಿ ಚುನಾವಣೆ ಮುಗಿದ ಮೇಲೂ ಈ ಪ್ರಶ್ನೆ ಬರುತ್ತದೆ. ಕೇಳುವವರ ದನಿಯಲ್ಲಿ ಬೇಸರ ಇರುತ್ತದೆ. ಆ ಬೇಸರ ನನಗೂ ಇದೆ. ಆದರೆ ತಪ್ಪನ್ನೆಲ್ಲ ಮತದಾರರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ವೋಟು ಹಾಕುವಾಗ ಜನ ತುಂಬಾ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಹೊರಗಿನಿಂದ ಬಂದವರು ಎಲ್ಲಿ ಸೋಲುತ್ತಾರೆ ಅನ್ನುವುದನ್ನು ನೋಡೋಣ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ಬೇರೆ ಊರಿನವರು ಅನ್ನುವ ಕಾರಣಕ್ಕೇ ಜನ ಯಾರನ್ನೂ ಕೈಬಿಡುವುದಿಲ್ಲ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತರು. ಎದುರಿಗಿದ್ದವರು ನಮ್ಮವರೇ ಆದ ವೀರೇಂದ್ರ ಪಾಟೀಲರು. ಇಂದಿರಾ ಗೆದ್ದದ್ದು 77 ಸಾವಿರಕ್ಕೂ ಜಾಸ್ತಿ ಮತಗಳಿಂದ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನವರೇ. ಇಬ್ಬರಿಗೂ ಲಕ್ಷಗಟ್ಟಲೆ ವೋಟು ಬಿತ್ತು. ಅವರ ಹಿಂದೆ ಪಕ್ಷ ಇತ್ತು. ಅಂದರೆ ಕಷ್ಟ ಇರುವುದು ರಾಜಕೀಯದ ಹೊರಗಿನಿಂದ ನೇರವಾಗಿ ಕಣಕ್ಕೆ ಇಳಿಯುವವರಿಗೆ.

ಬೆಂಗಳೂರನ್ನೇ ನೋಡಿ. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಕ್ಯಾಪ್ಟನ್ ಗೋಪಿನಾಥ್ ಪಕ್ಷೇತರರಾಗಿ ನಿಂತರು. ಏರ್ ಡೆಕ್ಕನ್ ಕಟ್ಟಿ ಮಧ್ಯಮ ವರ್ಗದವರನ್ನು ವಿಮಾನ ಹತ್ತಿಸಿದ ಮನುಷ್ಯ. ಠೇವಣಿ ಹೋಯಿತು. 2019ರಲ್ಲಿ ಬೆಂಗಳೂರು ಕೇಂದ್ರದಲ್ಲಿ ನಟ ಪ್ರಕಾಶ್ ರಾಜ್ ನಿಂತರು. ಮನೆಮನೆಗೂ ಗೊತ್ತಿರುವ ಮುಖ. ಬಿದ್ದದ್ದು ಸುಮಾರು 29 ಸಾವಿರ ವೋಟು. ಠೇವಣಿ ಉಳಿಸಿಕೊಳ್ಳಲು ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬೇಕು. ಅದರ ಹತ್ತಿರಕ್ಕೂ ಹೋಗಲಿಲ್ಲ. ಈ ಇಬ್ಬರಿಗೂ ಹೆಸರಿನ ಕೊರತೆ ಇರಲಿಲ್ಲ, ಅಲ್ವಾ?

ಗೌರವಕ್ಕೂ ವೋಟಿಗೂ ಎಷ್ಟು ದೂರ ಅನ್ನುವುದು ಮಣಿಪುರದಲ್ಲಿ ಇನ್ನೂ ಚೆನ್ನಾಗಿ ಕಂಡಿತು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ತೆಗೆಯಿರಿ ಅಂತ ಇರೋಮ್ ಶರ್ಮಿಳಾ ಹದಿನಾರು ವರ್ಷ ಉಪವಾಸ ಮಾಡಿದರು. 2017ರಲ್ಲಿ ತೌಬಾಲ್ ಕ್ಷೇತ್ರದಲ್ಲಿ ಆಗಿನ ಮುಖ್ಯಮಂತ್ರಿ ಇಬೋಬಿ ಸಿಂಗ್ ಎದುರು ನಿಂತರು. ಅವರಿಗೆ ಸಿಕ್ಕಿದ್ದು 90 ವೋಟು. ಆ ಸಂಖ್ಯೆ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ತೌಬಾಲಿನ ಜನಕ್ಕೆ ಅವರ ಮೇಲೆ ಗೌರವ ಇರಲಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಜನ ಏನು ನೋಡುತ್ತಾರೆ?

ನಮ್ಮ ಹಳ್ಳಿಯ ಮತದಾರನಿಗೆ ಶಾಸಕ ಬೇಕಾಗುವುದು ಶಾಸನ ಮಾಡುವುದಕ್ಕಿಂತ ಹೆಚ್ಚಾಗಿ ಬೇರೆ ಕೆಲಸಗಳಿಗೆ. ಬೇಸಿಗೆಯಲ್ಲಿ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಬೋರ್‌ವೆಲ್ ನಿಲ್ಲುತ್ತದೆ, ಬೆಳೆ ಒಣಗುತ್ತದೆ. ಸೆಕ್ಷನ್ ಆಫೀಸಿಗೆ ನಾಲ್ಕು ಸಲ ಅಲೆದರೂ ಬೇರೆ ಟಿಸಿ ಬರುವುದಿಲ್ಲ. ಆಗ ಊರಿನ ಒಬ್ಬ ಮುಖಂಡ ಶಾಸಕರ ಪಿಎಗೆ ಫೋನ್ ಹಚ್ಚುತ್ತಾನೆ. ಎರಡೇ ದಿನದಲ್ಲಿ ಟಿಸಿ ಬರುತ್ತದೆ. ವಿಧವಾ ಪಿಂಚಣಿ ನಿಂತಾಗ, ಜಮೀನು ಅಳೆದು ಪಾಲು ಬೇರೆ ಮಾಡುವ ಪೋಡಿ ಆಗದೆ ಕೂತಾಗ, ರಾತ್ರಿ ಹೊತ್ತು ದೊಡ್ಡಾಸ್ಪತ್ರೆಯಲ್ಲಿ ಬೆಡ್ ಸಿಗದಿದ್ದಾಗ, ಮಗನನ್ನು ಠಾಣೆಯಲ್ಲಿ ಕೂರಿಸಿಕೊಂಡಾಗ ನಡೆಯುವುದೂ ಇದೇ. ಕಚೇರಿಗಳು ತಾವಾಗಿಯೇ ಕೆಲಸ ಮಾಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಆದರೆ ಮಾಡುವುದಿಲ್ಲ. ಹಾಗಾಗಿ ಬಡವನಿಗೆ ಆ ಒಂದು ಫೋನ್ ನಂಬರು ದೊಡ್ಡ ಆಸ್ತಿ.

ಹೊಸ ಅಭ್ಯರ್ಥಿ ಬಂದು ಭ್ರಷ್ಟಾಚಾರ ನಿಲ್ಲಿಸುತ್ತೇನೆ ಅನ್ನುತ್ತಾರೆ. ಕೇಳಿಸಿಕೊಳ್ಳುವ ರೈತನ ಮನಸ್ಸಿನಲ್ಲಿ ಬೇರೆಯೇ ಪ್ರಶ್ನೆ ಇರುತ್ತದೆ. ಸೋತರೆ ಇವರು ಇಲ್ಲಿ ಇರುತ್ತಾರಾ? ಗೆದ್ದರೂ ನಮ್ಮೂರಲ್ಲಿ ಇವರ ಕಡೆಯವರು ಯಾರು? ರಾತ್ರಿ ಹತ್ತು ಗಂಟೆಗೆ ಯಾರ ಮನೆ ಬಾಗಿಲು ತಟ್ಟಲಿ? ಇದಕ್ಕೆ ಉತ್ತರ ಸಿಗದಿದ್ದರೆ ಅವನು ಕೈ ಮುಗಿದು, ಟೀ ಕೊಟ್ಟು ಕಳಿಸುತ್ತಾನೆ. ವೋಟು ಬೇರೆ ಕಡೆ ಹಾಕುತ್ತಾನೆ.

ಎರಡನೆಯದು, ಗೆಲ್ಲುವ ಲಕ್ಷಣ. 'ಒಳ್ಳೆಯವರೇ, ಆದರೆ ಗೆಲ್ಲಲ್ಲ. ಸುಮ್ನೆ ವೋಟು ಯಾಕೆ ವೇಸ್ಟ್ ಮಾಡೋದು?' ಎಷ್ಟು ಸಲ ಕೇಳಿದ್ದೇವೆ ಈ ಮಾತು! ನಮ್ಮ ಪದ್ಧತಿಯಲ್ಲಿ ಒಂದು ವೋಟು ಜಾಸ್ತಿ ಬಂದವರು ಗೆದ್ದ ಹಾಗೆ. ಎರಡನೇ, ಮೂರನೇ ಸ್ಥಾನಕ್ಕೆ ಏನೂ ಇಲ್ಲ. ಇಂಥ ಪದ್ಧತಿ ಇರುವ ಕಡೆ ಸ್ಪರ್ಧೆ ಎರಡು ದೊಡ್ಡ ಪಕ್ಷಗಳ ಕಡೆಗೇ ಜಾರುತ್ತದೆ ಅಂತ ಫ್ರಾನ್ಸಿನ ರಾಜಕೀಯ ಪಂಡಿತ ಮೊರಿಸ್ ಡ್ಯುವರ್ಜೆ 1950ರ ದಶಕದಲ್ಲೇ ಬರೆದಿದ್ದರು. ತನಗೆ ಇಷ್ಟವಿಲ್ಲದವನು ಗೆದ್ದುಬಿಟ್ಟರೆ ಅನ್ನುವ ಭಯವೂ ಸೇರಿಕೊಳ್ಳುತ್ತದೆ. ಹೀಗೆ ಸಾವಿರಾರು ಜನ ಒಬ್ಬರ ಮುಖ ಒಬ್ಬರು ನೋಡಿ ಹಿಂದೆ ಸರಿಯುತ್ತಾರೆ.

ಇನ್ನು ಬೂತ್ ಲೆಕ್ಕ. ಹೊಸಬರು ಇದನ್ನು ಸರಿಯಾಗಿ ಅಂದಾಜು ಮಾಡುವುದೇ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. 224 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದು ಕ್ಷೇತ್ರಕ್ಕೆ ಸರಾಸರಿ 260. ಪ್ರತಿ ಬೂತಿಗೂ ಬೆಳಗಿನ ಜಾವವೇ ಒಬ್ಬ ಏಜೆಂಟ್ ಹೋಗಬೇಕು. ಅಣಕು ಮತದಾನ ಆಗುವಾಗ ಯಂತ್ರ ಸರಿ ಇದೆಯಾ ಅಂತ ನೋಡಬೇಕು. ಸಂಜೆವರೆಗೂ ಪಟ್ಟಿ ಹಿಡಿದು ಯಾರು ಬಂದರು, ಯಾರು ಬಾಕಿ ಅಂತ ಗುರುತು ಹಾಕಬೇಕು. ಹೊರಗೆ ಟೇಬಲ್ ಹಾಕಿಕೊಂಡು ಹೆಸರು ಹುಡುಕಿ ಚೀಟಿ ಬರೆದುಕೊಡುವವರು ಬೇರೆ. ಮಧ್ಯಾಹ್ನದ ಮೇಲೆ ಇನ್ನೂ ಬಾರದ ಮನೆಗಳಿಗೆ ಹೋಗಿ 'ಅಕ್ಕಾ, ಬನ್ನಿ ಅಕ್ಕಾ' ಅಂತ ಕರೆದು ತರುವವರು ಇನ್ನೂ ಬೇರೆ. ಬೂತಿಗೆ ನಾಲ್ಕು ಜನ ಅಂದರೂ ಸಾವಿರಕ್ಕೆ ಮೀರಿದ ಆಳು ಬೇಕು. ಪ್ರಚಾರಕ್ಕೆ ಬಂದ ಉತ್ಸಾಹಿ ಹುಡುಗರು ಮೂವತ್ತೋ ಐವತ್ತೋ ಇರುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ಹಣ ಹಂಚುವುದು ನಡೆಯುತ್ತದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಎಷ್ಟೋ ಕಡೆ ಎರಡೂ ಪಕ್ಷದವರು ಕೊಡುತ್ತಾರೆ. ಜನ ಇಬ್ಬರ ಹತ್ತಿರವೂ ಈಸ್ಕೊಂಡು ತಮಗೆ ಬೇಕಾದವರಿಗೆ ಒತ್ತುತ್ತಾರೆ. ದುಡ್ಡು ಒಂದೇ ಗೆಲ್ಲಿಸುವ ಹಾಗಿದ್ದರೆ ಕೋಟಿ ಸುರಿದವರು ಯಾರೂ ಸೋಲುತ್ತಿರಲಿಲ್ಲ. ನಿಜವಾದ ಅನ್ಯಾಯ ನಿಯಮದಲ್ಲೇ ಇದೆ. ವಿಧಾನಸಭೆಗೆ ಅಭ್ಯರ್ಥಿ 40 ಲಕ್ಷ, ಲೋಕಸಭೆಗೆ 95 ಲಕ್ಷ ಮೀರಿ ಖರ್ಚು ಮಾಡುವಂತಿಲ್ಲ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ! ಮಾನ್ಯತೆ ಪಡೆದ ಪಕ್ಷದವರಿಗೆ ನಾಮಪತ್ರಕ್ಕೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ, ತಮಿಳುನಾಡಿನ ಮೊಡಕುರಿಚಿಯಲ್ಲಿ 1,033 ಜನ ಕಣದಲ್ಲಿದ್ದರು. ಆ ಗೊಂದಲ ನೋಡಿದ ಮೇಲೆ ಠೇವಣಿಯನ್ನೂ ಸೂಚಕರ ಸಂಖ್ಯೆಯನ್ನೂ ಏರಿಸಿದರು. ಮತಯಂತ್ರದಲ್ಲೂ ಪಕ್ಷೇತರರ ಹೆಸರು ಬರುವುದು ಕೊನೆಗೆ. ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ.

ಹಾಗಿದ್ದರೂ ಮಂಡ್ಯದಲ್ಲಿ ಸುಮಲತಾ ಗೆದ್ದರಲ್ಲ ಅಂತ ನೀವು ಕೇಳಬಹುದು. ಹೌದು, 2019ರಲ್ಲಿ ಪಕ್ಷೇತರರಾಗಿ 1,25,876 ಮತಗಳ ಅಂತರದಿಂದ ಗೆದ್ದರು. ಚಿಹ್ನೆ 'ಕಹಳೆ ಊದುತ್ತಿರುವ ರೈತ'. ಸುಮಾರು ಮೂರು ವಾರದಲ್ಲಿ ಅದನ್ನು ಹಳ್ಳಿಹಳ್ಳಿಗೂ ಮುಟ್ಟಿಸಬೇಕಿತ್ತು. ಸಾಲದ್ದಕ್ಕೆ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಆದರೂ ಅವರನ್ನು ಹೊರಗಿನವರು ಅನ್ನಲು ಬರುವುದಿಲ್ಲ. ಅವರ ಪತಿ ಅಂಬರೀಶ್ ಅದೇ ಮಂಡ್ಯದಿಂದ ಮೂರು ಸಲ ಸಂಸದರಾಗಿದ್ದವರು. ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು, ರೈತ ಸಂಘ ಜೊತೆಗೆ ನಿಂತಿತು. ಬೂತಿನಲ್ಲಿ ಕೂರಲು ಜನ ಇದ್ದರು. ಪಕ್ಷೇತರರಾಗಿ ಗೆಲ್ಲುವವರಲ್ಲಿ ಹೆಚ್ಚಿನವರು ಹೀಗೇ: ಟಿಕೆಟ್ ತಪ್ಪಿದವರು, ರಾಜಕೀಯ ಮನೆತನದವರು.

ಇದಕ್ಕೆ ಉಲ್ಟಾ ಉದಾಹರಣೆ ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಂದನ್ ನಿಲೇಕಣಿ. 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಅವರಿಗೆ ಕಾಂಗ್ರೆಸ್ ಟಿಕೆಟ್ ಇತ್ತು, ಹೆಸರಿತ್ತು, ಹಣವೂ ಇತ್ತು. ಸೋತದ್ದು 2,28,575 ಮತಗಳಿಂದ. ಮೋದಿ ಅಲೆ ಇತ್ತು ನಿಜ. ಎದುರಿಗಿದ್ದ ಅನಂತಕುಮಾರ್ 1996ರಿಂದ ಅಲ್ಲಿ ಸತತವಾಗಿ ಗೆಲ್ಲುತ್ತಿದ್ದವರು ಅನ್ನುವುದನ್ನೂ ಮರೆಯಬಾರದು. ಹದಿನೆಂಟು ವರ್ಷದ ಪರಿಚಯವನ್ನು ಎರಡು ತಿಂಗಳ ಪ್ರಚಾರ ಅಳಿಸಲು ಆಗಲಿಲ್ಲ.

ಜಾತಿ ಲೆಕ್ಕದ ಬಗ್ಗೆ ನಿಮಗೆ ನಾನು ಹೇಳಬೇಕಾದ್ದೇನಿಲ್ಲ. ಒಂದೇ ಮಾತು: ಪಕ್ಷದವರು ಆ ಲೆಕ್ಕ ಹಾಕಿಯೇ ಟಿಕೆಟ್ ಕೊಡುತ್ತಾರೆ. ಹೊಸಬರು ಅದನ್ನು ಮಾತಾಡಲೂ ಮುಜುಗರ ಪಡುತ್ತಾರೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಮೇಲುಕೋಟೆಯಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದದ್ದು 2013ರಲ್ಲಿ. ಅದಕ್ಕೂ ಮೊದಲು ಹಸಿರು ಶಾಲು ಹಾಕಿಕೊಂಡು ದಶಕಗಳ ಕಾಲ ಕಬ್ಬಿನ ಬಾಕಿಗೆ, ಕಾಲುವೆ ನೀರಿಗೆ ಬೀದಿಯಲ್ಲಿ ಕೂತಿದ್ದರು. ಅವರು ತೀರಿಕೊಂಡ ಮೇಲೆ ಮಗ ದರ್ಶನ್ ಅಮೆರಿಕದಿಂದ ಬಂದು 2018ರಲ್ಲಿ ನಿಂತರು, ಸೋತರು. 2023ರಲ್ಲಿ ಮತ್ತೆ ನಿಂತು ಗೆದ್ದರು. ಕಾಂಗ್ರೆಸ್ ಬೆಂಬಲ ಇತ್ತು, ಸಂಘದ ಹಳೆಯ ಕಾರ್ಯಕರ್ತರು ಊರೂರಿನಲ್ಲಿ ಇದ್ದರು. ಸೋತ ಮೇಲೂ ಕ್ಷೇತ್ರ ಬಿಡದವರನ್ನು ಜನ ಎರಡನೇ ಸಲ ಬೇರೆ ಕಣ್ಣಿನಿಂದ ನೋಡುತ್ತಾರೆ ಅಂತ ನನ್ನ ನಂಬಿಕೆ.

ನಿಜವಾಗಿ ಬದಲಾವಣೆ ತರಬೇಕು ಅನ್ನುವವರು ಗ್ರಾಮ ಪಂಚಾಯಿತಿಯಿಂದ ಶುರು ಮಾಡಲಿ ಅನ್ನುವುದು ನನ್ನ ಆಸೆ. ನಮ್ಮ ರಾಜ್ಯದಲ್ಲಿ ಆ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಸರಿಸುಮಾರು 400 ಜನರಿಗೆ ಒಬ್ಬ ಸದಸ್ಯ. ವಿಧಾನಸಭೆಗೆ ಎರಡು ಲಕ್ಷಕ್ಕೂ ಮೀರಿದ ಮತದಾರರನ್ನು ತಲುಪಬೇಕು. ಇಲ್ಲಿ ಎಲ್ಲರ ಮನೆಗೂ ನಡೆದೇ ಹೋಗಬಹುದು. ಚರಂಡಿ, ಬೀದಿದೀಪ, ಕುಡಿಯುವ ನೀರಿನ ಕೆಲಸ ಮಾಡಿ ತೋರಿಸಲು ಐದು ವರ್ಷ ಸಿಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ನಿಂತು ಸೋತವರು ಇನ್ನೂ ಸಂಪರ್ಕದಲ್ಲಿದ್ದರೆ ಮುಂದಿನ ಪಂಚಾಯಿತಿ ಚುನಾವಣೆಗೆ ನಾಲ್ಕು ಒಳ್ಳೆಯ ಹುಡುಗ ಹುಡುಗಿಯರನ್ನು ನಿಲ್ಲಿಸಲು ಅವರಿಗೆ ಹೇಳಿ. ನೀವೂ ಒಂದು ಬೂತ್ ನೋಡಿಕೊಳ್ಳುತ್ತೇನೆ ಅಂತ ಒಪ್ಪಿಕೊಳ್ಳಿ.