ಕಾಲುಚೀಲ ಹೆಣೆಯಲು ಯಾವ ಕಡ್ಡಿ?

ಕಾಲುಚೀಲದ ದಾರ ಸಾಮಾನ್ಯವಾಗಿ 100 ಗ್ರಾಂಗೆ ಸುಮಾರು 400 ಮೀಟರ್ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್. ಇಷ್ಟು ತೆಳ್ಳಗಿನ ದಾರದಲ್ಲಿ ಸ್ವೆಟರ್ ಹೆಣೆಯುವವರು 3 ಅಥವಾ 3.25 ಮಿ.ಮೀ. ಕಡ್ಡಿ ಹಿಡಿಯುತ್ತಾರೆ. ಕಾಲುಚೀಲಕ್ಕೆ ಅದು ದಪ್ಪವಾಯಿತು, 2ರಿಂದ 2.75 ಮಿ.ಮೀ. ಒಳಗೇ ಇರಬೇಕು. ಹಿಮ್ಮಡಿಯೂ ಅಂಗಾಲೂ ದಿನವಿಡೀ ಶೂಗೆ ತಿಕ್ಕುತ್ತಿರುತ್ತವೆ. ಕುಣಿಕೆಗಳು ಒತ್ತೊತ್ತಾಗಿ ಕೂತಿದ್ದರೆ ದಾರ ಜರುಗುವುದಿಲ್ಲ, ತಡವಾಗಿ ಸವೆಯುತ್ತದೆ. ಸಡಿಲ ಹೆಣಿಗೆ ಕೈಗೆ ಎಷ್ಟೇ ಮೆತ್ತಗಿದ್ದರೂ ಬೇಗ ತೂತು ಬೀಳುತ್ತದೆ.

ಈ ವ್ಯಾಪ್ತಿಯಲ್ಲಿ ನಿಮ್ಮ ಕಡ್ಡಿ ಯಾವುದು ಎಂಬುದನ್ನು ನಿಮ್ಮ ಕೈಬಿಗಿಯೇ ಹೇಳಬೇಕು. ಒಂದು ಲೆಕ್ಕ ನೋಡಿ. ಪಾದದ ಸುತ್ತಳತೆ 22 ಸೆಂ.ಮೀ. ಇದ್ದರೆ ಕಾಲುಚೀಲವನ್ನು ಹತ್ತರಲ್ಲಿ ಒಂದು ಪಾಲು ಕಿರಿದಾಗಿ, ಅಂದರೆ ಸುಮಾರು 20 ಸೆಂ.ಮೀ.ಗೆ ಹೆಣೆಯಬೇಕು, ಹಿಗ್ಗಿದಾಗಲೇ ಅದು ಜಾರದೆ ನಿಲ್ಲುವುದು. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 32 ಕುಣಿಕೆ ಬಂದರೆ ಒಟ್ಟು 64 ಹಾಕಿಕೊಳ್ಳಬೇಕು. ಅದೇ 64 ಕುಣಿಕೆ, 10 ಸೆಂ.ಮೀ.ಗೆ 28 ಬರುವ ಸಡಿಲ ಕೈಯಲ್ಲಿ ಸುಮಾರು 23 ಸೆಂ.ಮೀ. ಆಗಿ ಪಾದಕ್ಕಿಂತ ದೊಗಲೆಯಾಗುತ್ತದೆ. ಆಗ ಕುಣಿಕೆ ಕಡಿಮೆ ಮಾಡುವುದಕ್ಕಿಂತ ತೆಳು ಕಡ್ಡಿಗೆ ಇಳಿಯುವುದು ಮೇಲು. ಕುಣಿಕೆ ಕಡಿಮೆ ಮಾಡಿದರೆ ಅಳತೆಯೇನೋ ಸರಿಹೋಗುತ್ತದೆ, ಬಟ್ಟೆ ಜಾಳಾಗಿಯೇ ಉಳಿಯುತ್ತದೆ.

ಮಾದರಿ ತುಂಡನ್ನು ಸುತ್ತಾಗಿಯೇ ಹೆಣೆದು ಅಳೆಯಿರಿ. ಹಿಂದೆ ಮುಂದೆ ಹೆಣೆದರೆ ಪರ್ಲ್ (ಉಲ್ಟಾ) ಸಾಲುಗಳು ಬರುತ್ತವೆ; ಅವು ಎಷ್ಟೋ ಜನರ ಕೈಯಲ್ಲಿ ನಿಟ್ (ಸೀದಾ) ಸಾಲಿಗಿಂತ ಸಡಿಲ. ಸುತ್ತು ಹೆಣಿಗೆಯ ಸಾದಾ ಭಾಗದಲ್ಲಿ ಪರ್ಲ್ ಸಾಲೇ ಇಲ್ಲವಾದ್ದರಿಂದ ಚಪ್ಪಟೆ ತುಂಡಿನ ಅಳತೆ ದಾರಿ ತಪ್ಪಿಸುತ್ತದೆ.

ಅಂಗಡಿಯಲ್ಲಿ ನಂಬರ್ ಕೇಳುವಾಗ ಎಚ್ಚರ ಬೇಕು. ನಮ್ಮಲ್ಲಿ ಈಗಲೂ ಹಳೆಯ ಬ್ರಿಟಿಷ್ ನಂಬರ್ ಬಳಕೆಯಲ್ಲಿದೆ, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು. 12 ಅಂದರೆ 2.75, 13 ಅಂದರೆ 2.25, 14 ಅಂದರೆ 2 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ತಿರುವುಮುರುವು. ಅವರ 2 ಎಂದರೆ 2.75 ಮಿ.ಮೀ., ಬ್ರಿಟಿಷ್ 2 ಎಂದರೆ 7 ಮಿ.ಮೀ.! ಕಾಲುಚೀಲಕ್ಕೆ ಬಹಳ ಒಗ್ಗುವ 2.5 ಮಿ.ಮೀ.ಗೆ ಬ್ರಿಟಿಷ್ ಪಟ್ಟಿಯಲ್ಲಿ ಸರಿಯಾದ ನಂಬರೇ ಇಲ್ಲ. ಹಾಗಾಗಿ ಮಿ.ಮೀ. ಹೇಳಿಯೇ ಕೊಳ್ಳಿ.

ಇನ್ನು ಬಗೆ. ಎರಡೂ ತುದಿ ಚೂಪಾದ ಐದು ಕಡ್ಡಿಗಳ ಸೆಟ್ ಕಲಿಯುವವರಿಗೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಾಲ್ಕರ ಮೇಲೆ ಹದಿನಾರು ಹದಿನಾರು ಕುಣಿಕೆ ಕೂರುತ್ತವೆ, ಐದನೆಯದು ಹೆಣೆಯುತ್ತದೆ. ಎರಡು ಕಡ್ಡಿಯ ಮೇಲೆ ಹಿಮ್ಮಡಿ, ಉಳಿದೆರಡರ ಮೇಲೆ ಪಾದದ ಮೇಲ್ಭಾಗ ಎಂದು ಕಣ್ಣಿಗೇ ಕಾಣುತ್ತದೆ. 15 ಸೆಂ.ಮೀ. ಉದ್ದ ಸಾಕು. 80 ಅಥವಾ 100 ಸೆಂ.ಮೀ. ವೃತ್ತಾಕಾರದ ಕಡ್ಡಿಯಲ್ಲಿ ಎರಡು ತುದಿಗಳನ್ನು ಜೋಡಿಸುವ ಬಳುಕುವ ಕೇಬಲ್ಲನ್ನು ಕುಣಿಕೆಗಳ ನಡುವೆ ಹೊರಗೆಳೆದು ಹೆಣೆಯುವುದು ಮ್ಯಾಜಿಕ್ ಲೂಪ್. ಬಸ್ಸಿನಲ್ಲಿ ಹೆಣೆಯುವವರಿಗೆ ಇದೇ ಅನುಕೂಲ, ಕಡ್ಡಿ ಬಿದ್ದುಹೋಗುವ ಭಯವಿಲ್ಲ. 23 ಸೆಂ.ಮೀ.ಯ ಪುಟ್ಟ ವೃತ್ತದ ಕಡ್ಡಿ ಕಣಕಾಲಿನ ಭಾಗವನ್ನು ಭರದಿಂದ ಮುಗಿಸಿಕೊಡುತ್ತದೆ. ಆದರೆ ಕಾಲ್ಬೆರಳ ತುದಿಯಲ್ಲಿ ಕುಣಿಕೆ ಕಡಿಮೆಯಾದಾಗ ಬೇರೆ ಕಡ್ಡಿ ಬೇಕೇ ಬೇಕು.

ಕಡ್ಡಿಯಿಂದ ಕಡ್ಡಿಗೆ ದಾಟುವ ಕಡೆ ಏಣಿಯಂಥ ಸಂದು ಕಾಣಿಸಿದರೆ ಹೊಸ ಕಡ್ಡಿಯ ಎರಡನೇ ಕುಣಿಕೆ ಹೆಣೆದ ಮೇಲೆ ದಾರವನ್ನು ಬಿಗಿಯಾಗಿ ಎಳೆಯಿರಿ. ಸ್ಟೀಲ್ ಕಡ್ಡಿಯಲ್ಲಿ ಕುಣಿಕೆ ಜಾರುತ್ತದೆ, ಬಿಗಿ ಕೈಯವರಿಗೆ ಅದು ಹಿತ. ಸಡಿಲ ಕೈಯವರಿಗೆ ಬಿದಿರು ಒಳ್ಳೆಯದು, ಆದರೆ 2 ಮಿ.ಮೀ. ಬಿದಿರು ಬಾಗುತ್ತದೆ, ಮುರಿಯುವುದೂ ಉಂಟು. ಅಳತೆ ಒಂದೇ ಆದರೂ ಸ್ಟೀಲಿನಿಂದ ಬಿದಿರಿಗೆ ಹೋದಾಗ ಬಿಗಿ ಬದಲಾಗಬಹುದು, ಅದಕ್ಕೇ ಒಂದು ಜೊತೆಯ ಎರಡೂ ಕಾಲುಚೀಲಗಳನ್ನು ಒಂದೇ ಸೆಟ್ಟಿನಲ್ಲಿ ಮುಗಿಸಿ.