ಕಂಬದ ಅಂಚು, ಪೆನ್‌ಡ್ರೈವ್‌ನ ಸೆರಗು

ಲೇಪಾಕ್ಷಿಯ ವೀರಭದ್ರನ ಗುಡಿಗೆ ಹೋದವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ದೊಡ್ಡ ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ನೆಲಕ್ಕೆ ತಾಗದ ಕಂಬದ ಕೆಳಗೆ ಟವೆಲ್ ತೂರಿಸಿ ನೋಡುತ್ತಾರೆ. ನಮ್ಮ ಮಡಕಶಿರಾ ಕಡೆಯಿಂದ ಹೋಗುವ ಹೆಂಗಸರು ಇನ್ನೊಂದು ಜಾಗದಲ್ಲೂ ನಿಲ್ಲುತ್ತಾರೆ. ಅದು ಲತಾ ಮಂಟಪ. ಅಲ್ಲಿನ ಕಂಬಗಳ ಮೈತುಂಬ ಬಳ್ಳಿ, ಹೂವು, ಹಕ್ಕಿ, ಚೌಕಳಿ. ಒಂದು ಕಂಬದ ಕೆತ್ತನೆ ಇನ್ನೊಂದರಲ್ಲಿ ಇಲ್ಲ. ಕಲ್ಲಿನ ಮೇಲೆ ಬೆರಳಾಡಿಸುತ್ತಾ ಒಬ್ಬರು "ಇದು ನಮ್ಮಮ್ಮನ ಧಾರೆ ಸೀರೆ ಅಂಚು ಅಲ್ವಾ?" ಅಂದರೆ, ಪಕ್ಕದವರು ಆಗಲೇ ಮೊಬೈಲ್ ತೆಗೆದಿರುತ್ತಾರೆ.

ಆ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಹಿಂದೂಪುರದಲ್ಲಿ ರೈಲು ಹತ್ತಿ ಪೆನುಕೊಂಡ ದಾಟಿದರೆ ಮುಂದೆ ಧರ್ಮಾವರ ಬರುತ್ತದೆ, ರೇಷ್ಮೆ ಸೀರೆಯ ಊರು. ಅಲ್ಲಿನ ಸೀರೆಗಳ ಅಂಚಿಗೂ ಬುಟ್ಟಾಕ್ಕೂ ಲೇಪಾಕ್ಷಿಯ ಕಂಬ ಮತ್ತು ಚಿತ್ರಗಳೇ ಮಾದರಿ ಎಂಬ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳ ಹೆಸರೂ ಲೇಪಾಕ್ಷಿಯೇ.

ಈ ಗುಡಿ ಎದ್ದದ್ದು 16ನೇ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ. ಕಟ್ಟಿಸಿದವರು ಪೆನುಕೊಂಡದಲ್ಲಿ ಅಧಿಕಾರದಲ್ಲಿದ್ದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಈಗ ಜಿಲ್ಲೆ ಆಂಧ್ರದ್ದು, ಅದೂ 2022ರಿಂದ ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಜಿಲ್ಲೆ. ಆದರೆ ಗೋಡೆ ಓದಲು ನಮಗೆ ಅನುವಾದ ಬೇಕಿಲ್ಲ.

ಚಾವಣಿಯ ಚಿತ್ರಗಳಿಗೆ ನನ್ನ ಲೆಕ್ಕದಲ್ಲಿ ಇನ್ನೂ ಜಾಸ್ತಿ ಬೆಲೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರೆ ದೇವರ ಕಥೆ ಹಿಂದೆ ಸರಿದು ಬಟ್ಟೆ ಮುಂದೆ ಬರುತ್ತದೆ. ಪಟ್ಟೆ ಸೀರೆ, ಚೌಕಳಿ ಸೀರೆ, ದೊಡ್ಡ ಅಂಚಿನ ಸೀರೆ. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಜರಿ ಟೋಪಿ ಸ್ಪೇನಿನ ಗಲೀಷಿಯಾ ಕಡೆಯ ಶಿರಸ್ತ್ರಾಣದ ಹಾಗಿದೆ ಎಂದು ಬರೆದ. ಅವನು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಬಣ್ಣದಲ್ಲಿ ನೋಡಬಹುದು. 16ನೇ ಶತಮಾನದ ಬಟ್ಟೆ ನಮ್ಮ ಹವೆಯಲ್ಲಿ ಉಳಿಯುವುದು ಕಷ್ಟ. ಬಟ್ಟೆಯ ಚಿತ್ರ ಉಳಿದಿದೆ.

ಕಲ್ಲಿನ ಮೇಲಿನ ಬಳ್ಳಿಯನ್ನು ಕಣ್ಣಲ್ಲಿ ನೋಡುವುದು ಬೇರೆ, ಅದನ್ನು ಮಗ್ಗಕ್ಕೆ ಇಳಿಸುವುದು ಬೇರೆ. ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳಲ್ಲಿ ಯಾವುದು ಮೇಲೆ ಏಳಬೇಕು, ಯಾವುದು ಕೆಳಗೇ ಇರಬೇಕು ಎಂದು ಪ್ರತಿ ಸಾಲಿಗೂ ತೀರ್ಮಾನ ಆಗಬೇಕು. ಹಳೆಯ ಕಾಲದಲ್ಲಿ ಎಳೆಗಳನ್ನು ಗೊಂಚಲು ಗೊಂಚಲಾಗಿ ಕಟ್ಟಿಡುತ್ತಿದ್ದರು. ನೇಯುವವನ ಪಕ್ಕದಲ್ಲಿ ಒಬ್ಬ ಹುಡುಗ ಕೂತು ಹೇಳಿದಂತೆ ಎಳೆಯುತ್ತಿದ್ದ. ಡಿಸೈನ್ ಅಂದರೆ ಆ ದಾರದ ಕಟ್ಟು ಮತ್ತು ಕಟ್ಟಿದವನ ತಲೆ. ಕದಿಯಬೇಕೆಂದರೆ ಮನುಷ್ಯನನ್ನೇ ಕರೆದುಕೊಂಡು ಹೋಗಬೇಕಿತ್ತು.

ಇದನ್ನು ಬದಲಿಸಿದ್ದು ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮೇರಿ ಜಕಾರ್ಡ್. 1804ರಲ್ಲಿ ಅವನು ತೂತು ಹೊಡೆದ ರಟ್ಟಿನ ಕಾರ್ಡ್‌ಗಳಿಂದ ನಡೆಯುವ ಸಾಧನವನ್ನು ಮಗ್ಗದ ಮೇಲೆ ಕೂರಿಸಿದ. ಒಂದು ಕಾರ್ಡ್ ಅಂದರೆ ಹೊಕ್ಕಿನ (ಅಡ್ಡ ಎಳೆಯ) ಒಂದು ಸಾಲು. ತೂತು ಇದ್ದಲ್ಲಿ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದಲ್ಲಿ ಎತ್ತುವುದಿಲ್ಲ. ಇದೆ, ಇಲ್ಲ, ಇದೆ, ಇಲ್ಲ, ಅಷ್ಟೇ. 1839ರಲ್ಲಿ ಇದೇ ಕ್ರಮದಲ್ಲಿ ಜಕಾರ್ಡನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ 24,000 ಕಾರ್ಡ್ ಬೇಕಾಯಿತು. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ಅವನು ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ಕಾರ್ಡನ್ನೇ ಯೋಚಿಸಿದ್ದ. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ತೂತಿನ ಕಾರ್ಡ್‌ಗಳಲ್ಲೇ ಜನರ ಲೆಕ್ಕ ತೆಗೆದ. ಮುಂದೆ ಐಬಿಎಂ ಎಂಬ ಕಂಪ್ಯೂಟರ್ ಸಂಸ್ಥೆಯಾದ ಕಂಪನಿಯ ಬೇರು ಅಲ್ಲಿದೆ. ಹಾಗಾಗಿ ಮಗ್ಗಕ್ಕೆ ಈಗ ಕಂಪ್ಯೂಟರ್ ಬಂತು ಎಂದು ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ನಗು. ಮಗ್ಗದಿಂದ ಹೋಗಿದ್ದು ಮಗ್ಗಕ್ಕೇ ವಾಪಸ್ ಬಂದಿದೆ.

ಜಕಾರ್ಡ್ ನಮ್ಮ ಕಡೆಗೂ ಬಂತು. ಈಗಲೂ ಧರ್ಮಾವರದ ಗುಣಿ ಮಗ್ಗಗಳ (ನೆಲದ ಗುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗಗಳ) ಮೇಲೆ ಕಾರ್ಡಿನ ಸರಮಾಲೆ ನೇತಾಡುತ್ತಿರುತ್ತದೆ. ನೇಕಾರ ಕಾಲಲ್ಲಿ ಒತ್ತಿದಾಗ ಟಕ್ ಎಂದು ಒಂದು ಕಾರ್ಡ್ ತಿರುಗುತ್ತದೆ. ಈ ಪದ್ಧತಿ ಒಂದು ಹೊಸ ಕಸುಬನ್ನೂ ಹುಟ್ಟಿಸಿತು. ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುವುದು ಗ್ರಾಫ್ ಕೆಲಸ. ಆ ಚುಕ್ಕಿ ನೋಡಿ ತೂತು ಹೊಡೆಯುವುದು ಪಂಚಿಂಗ್ ಕೆಲಸ. ಒಂದು ಸೆರಗಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಕಾರ್ಡಿಗೆ ತೂಕವಿತ್ತು, ಅದನ್ನು ಇಡಲು ಅಟ್ಟ ಬೇಕಿತ್ತು, ಕಾರ್ಡಿನ ಕಟ್ಟು ಯಾರ ಮನೆಯಲ್ಲಿದೆಯೋ ಡಿಸೈನ್ ಅವರದಾಗಿತ್ತು. ಸಾಮಾನ್ಯವಾಗಿ ಅದು ಕೂಲಿ ಕೊಟ್ಟು ನೇಯಿಸುವ ಷಾವುಕಾರನ ಮನೆ. ಹಾಗಾಗಿ ಹಳೆಯ ವ್ಯವಸ್ಥೆ ನೇಕಾರನಿಗೆ ಸ್ವರ್ಗ ಆಗಿತ್ತೆಂದು ನಾನು ಹೇಳಲಾರೆ.

ಆಮೇಲೆ ಗ್ರಾಫ್ ಹಾಳೆಯ ಜಾಗಕ್ಕೆ ಸಾಫ್ಟ್‌ವೇರ್ ಬಂತು. ದಿನಗಟ್ಟಲೆಯ ಕೆಲಸ ಗಂಟೆಗಳಿಗೆ ಇಳಿಯಿತು. ಎಲೆಕ್ಟ್ರಾನಿಕ್ ಜಕಾರ್ಡ್ ಇರುವ ಕಡೆ ಕಾರ್ಡೇ ಬೇಡ. ಪೆನ್‌ಡ್ರೈವ್ ಚುಚ್ಚಿದರೆ ಕೊಕ್ಕೆಗಳು ತಾವಾಗಿ ಏಳುತ್ತವೆ. ಅಂಚು ಬದಲಿಸಬೇಕೆಂದರೆ ಫೈಲ್ ಬದಲಿಸಿದರೆ ಸಾಕು. ಕೆಲಸ ಹಗುರಾಯಿತು, ಹೊಸ ಡಿಸೈನ್ ಬೇಗ ಬಂತು. ಅದರ ಜೊತೆಗೇ ಡಿಸೈನಿಗೆ ತೂಕವೂ ಇಲ್ಲ, ಮನೆಯೂ ಇಲ್ಲ ಎಂದಾಯಿತು. ಇವತ್ತು ಒಂದು ಮಗ್ಗದಲ್ಲಿ ಮುಗಿದ ಸೀರೆಯ ಫೋಟೊ ಸಂಜೆಗೆ ವಾಟ್ಸಾಪ್ ಗುಂಪಿಗೆ ಬಿದ್ದರೆ, ನೂರಾರು ಕಿಲೋಮೀಟರ್ ದೂರದಲ್ಲಿ ಅದನ್ನು ನೋಡಿ ಫೈಲ್ ಮಾಡಬಹುದು. ಪವರ್‌ಲೂಮ್ ಅದನ್ನು ಎಷ್ಟೋ ಪಟ್ಟು ವೇಗವಾಗಿ ನೇಯುತ್ತದೆ. ನೇಯುವ ಗೋಜೇ ಬೇಡ ಎಂದರೆ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಡಿಜಿಟಲ್ ಪ್ರಿಂಟ್ ಹೊಡೆಯಬಹುದು.

ಇದಕ್ಕೆ ಕಾನೂನು ಇಲ್ಲವೇ? ಇದೆ, ಒಂದಲ್ಲ ನಾಲ್ಕಿವೆ. ತಮಾಷೆ ಏನೆಂದರೆ ಒಂದೊಂದೂ ಬೇರೆ ಬೇರೆ ವಸ್ತುವನ್ನು ಕಾಯುತ್ತದೆ. 1985ರಲ್ಲಿ ಕೈಮಗ್ಗಕ್ಕೆ ಮೀಸಲಾತಿ ಕಾಯ್ದೆ ಬಂತು. ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಷ್ಟೇ ನೇಯಬೇಕು ಎಂಬುದು ಅದರ ಉದ್ದೇಶ. ಪವರ್‌ಲೂಮಿನವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಬಟ್ಟೆಗಳ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಪಟ್ಟಿಯಲ್ಲಿ ಸೀರೆ ಉಳಿದಿದೆ. ಜಿಐ ಅಂದರೆ ಭೌಗೋಳಿಕ ಗುರುತಿನ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರಲ್ಲಿ. ಧರ್ಮಾವರದ ಕೈಮಗ್ಗದ ಪಟ್ಟು (ರೇಷ್ಮೆ) ಸೀರೆಗೂ ಪಾವಡಕ್ಕೂ (ಲಂಗಕ್ಕೂ) ಆ ಗುರುತು ಸಿಕ್ಕಿದೆ. ಜಿಐ ಕಾಯುವುದು ಹೆಸರನ್ನು. ಬಳ್ಳಿಯ ಚಿತ್ರವನ್ನಲ್ಲ. 'ಧರ್ಮಾವರ' ಎಂದು ಬರೆಯದೆ ಅದೇ ಬಳ್ಳಿ ನೇಯ್ದರೆ ಜಿಐ ಏನೂ ಮಾಡಲಾರದು.

ಚಿತ್ರವನ್ನು ಕಾಯುವುದು 2000ದ ಡಿಸೈನ್ ಕಾಯ್ದೆ. ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ. ಆದರೆ ಡಿಸೈನ್ ಹೊಸದಾಗಿರಬೇಕು. ಐನೂರು ವರ್ಷದಿಂದ ಕಂಬದ ಮೇಲಿರುವ ಬಳ್ಳಿಯನ್ನು ಹೊಸದು ಎಂದು ಯಾವ ಬಾಯಲ್ಲಿ ಹೇಳುವುದು? ಉಳಿದದ್ದು ಕಾಪಿರೈಟ್. ಅಲ್ಲೂ ಒಂದು ಕೊಕ್ಕೆ ಇದೆ. ನೋಂದಾಯಿಸದ ಡಿಸೈನನ್ನು ಕೈಗಾರಿಕೆಯ ಕ್ರಮದಲ್ಲಿ 50ಕ್ಕಿಂತ ಜಾಸ್ತಿ ಸಲ ವಸ್ತುವಿಗೆ ಹಾಕಿದರೆ ಆ ಹಕ್ಕು ಹೋಗುತ್ತದೆ. ಇಷ್ಟೆಲ್ಲ ಕಾಯ್ದೆ ಗೊತ್ತಿದ್ದು, ಏಜೆಂಟನಿಗೆ ದುಡ್ಡು ಕೊಟ್ಟು, ಅರ್ಜಿ ಹಾಕುವ ನೇಕಾರ ಎಷ್ಟು ಜನ ಇದ್ದಾರು?

ದುಡ್ಡಿನ ಮಾತು ಬಂತಲ್ಲ, ಲೆಕ್ಕ ನೋಡೋಣ. 1995ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಸುಮಾರು 65 ಲಕ್ಷ ಕೈಮಗ್ಗದ ಕೆಲಸಗಾರರಿದ್ದರು. 2009-10ಕ್ಕೆ 43.31 ಲಕ್ಷ. 2019-20ಕ್ಕೆ 35.22 ಲಕ್ಷ. ಆ ಕೊನೆಯ ಗಣತಿಯಲ್ಲೇ ಮೂರರಲ್ಲಿ ಎರಡು ಪಾಲು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದಿದೆ. ಧರ್ಮಾವರದ ಹೆಸರು ಪೇಪರಿನಲ್ಲಿ ಸೀರೆಗಷ್ಟೇ ಬಂದಿಲ್ಲ, ಸಾಲಕ್ಕೆ ಸೋತು ಜೀವ ಕಳೆದುಕೊಂಡ ನೇಕಾರರಿಂದಲೂ ಬಂದಿದೆ. ಪವರ್‌ಲೂಮ್ ಹಾಕಿದವರೆಲ್ಲ ಖಳನಾಯಕರು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಅವರಲ್ಲಿ ಎಷ್ಟೋ ಜನ ನಿನ್ನೆಯವರೆಗೆ ಕೈಮಗ್ಗ ತುಳಿದವರೇ.

ಮೊಬೈಲ್ ಕಸಿದುಕೊಂಡಿದ್ದು ಮಾತ್ರ ಅಲ್ಲ, ಕೊಟ್ಟದ್ದೂ ಇದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಕೆಲವರು ವಿಡಿಯೊ ಕಾಲ್‌ನಲ್ಲಿ ಸೀರೆ ಬಿಚ್ಚಿ ತೋರಿಸಿ ಕೊರಿಯರ್‌ನಲ್ಲಿ ಕಳಿಸಿದರು. ನಡುವೆ ಷಾವುಕಾರನಿಲ್ಲ, ಅಂಗಡಿಯಿಲ್ಲ. ಇನ್ನು ಎಐ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೇಪಾಕ್ಷಿ ಅಂಚು ಬಿಡಿಸು ಅಂದರೆ ಕ್ಷಣದಲ್ಲಿ ನೂರು ಚಿತ್ರ ಕೊಡುತ್ತದೆ. ಆದರೆ ಮಗ್ಗದಲ್ಲಿ ಕೊಕ್ಕೆ ಎಷ್ಟಿವೆ, ಅಷ್ಟರಲ್ಲಿ ಈ ಬಳ್ಳಿಯ ಬಾಗು ಮೆಟ್ಟಿಲು ಮೆಟ್ಟಿಲಾಗಿ ಕಾಣದಂತೆ ಹೇಗೆ ಕೂರುತ್ತದೆ, ಜರಿ ಹಿಂಬದಿಯಲ್ಲಿ ಎಷ್ಟು ಉದ್ದ ಜೋತುಬೀಳುತ್ತದೆ, ಇದೆಲ್ಲ ಆ ಚಿತ್ರದಲ್ಲಿ ಇರುವುದಿಲ್ಲ. ಗ್ರಾಫ್ ಮಾಡುವವನ ಕಣ್ಣು ಇನ್ನೂ ಬೇಕು.

ಕೊಳ್ಳುವವರ ಕಣ್ಣೂ ಬೇಕು. ನಮ್ಮ ಅತ್ತೆಗೆ ಹೋದ ವರ್ಷ ಆನ್‌ಲೈನಿನಲ್ಲಿ ಒಂದು ಸೀರೆ ತರಿಸಿಕೊಟ್ಟೆ. ಧರ್ಮಾವರದ ಕೈಮಗ್ಗದ್ದು ಎಂದೇ ಬರೆದಿತ್ತು. ಸಿಲ್ಕ್ ಮಾರ್ಕ್ ಚೀಟಿಯೂ ಇತ್ತು. ಅತ್ತೆ ಚೀಟಿ ನೋಡಲೇ ಇಲ್ಲ. ಅಂಚನ್ನು ಬೆಳಕಿಗೆ ಹಿಡಿದು, "ಅಂಚಿನಲ್ಲಿ ಒಡಲಿನ ಬಣ್ಣ ಬೆರೆತಿದೆ. ಇದು ಮೂರು ಲಾಳಿಯದ್ದಲ್ಲ ಕಣಪ್ಪ" ಎಂದರು. ನಿಜ. ಲಾಳಿ ಅಂದರೆ ಹೊಕ್ಕಿನ ದಾರ ಹೊತ್ತು ಓಡಾಡುವ ಸಾಧನ. ಮೂರು ಲಾಳಿಯ ಕುಪ್ಪಡಂ ಸೀರೆಯಲ್ಲಿ ಎರಡು ಅಂಚಿಗೆ ಎರಡು ಲಾಳಿ, ಒಡಲಿಗೆ ಒಂದು. ಒಬ್ಬರಿಂದ ಆಗದ ಕೆಲಸ, ಪಕ್ಕದಲ್ಲಿ ಇನ್ನೊಬ್ಬರು ಬೇಕು. ಅಂಚಿನ ಹೊಕ್ಕು ಅಂಚಿನದ್ದೇ ಆಗಿರುವುದರಿಂದ ಬಣ್ಣ ಅಚ್ಚವಾಗಿ ನಿಲ್ಲುತ್ತದೆ. ಒಂದೇ ಹೊಕ್ಕು ಈ ತುದಿಯಿಂದ ಆ ತುದಿಗೆ ಓಡಿದರೆ ಬಣ್ಣ ಕಲಸುತ್ತದೆ. 2004ರಿಂದ ಇರುವ ಸಿಲ್ಕ್ ಮಾರ್ಕ್ ಹೇಳುವುದು ಇದು ಅಪ್ಪಟ ರೇಷ್ಮೆ ಎಂದಷ್ಟೇ. ಕೈಯಲ್ಲಿ ನೇಯ್ದದ್ದು ಎಂದು ಹೇಳುವುದು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್. ಆ ಚೀಟಿ ಇರಲಿಲ್ಲ. ನಾನೂ ಎರಡೂ ಒಂದೇ ಅಂದುಕೊಂಡಿದ್ದೆ.

ಸೀರೆ ವಾಪಸ್ ಕಳಿಸಿದೆವು. ದುಡ್ಡು ಬಂತು. ಅತ್ತೆಗೆ ಮಾತ್ರ ಇನ್ನೊಂದು ಅನುಮಾನ. ಮೊಬೈಲಿನಲ್ಲಿ ಆ ಸೀರೆಯ ಫೋಟೊ ದೊಡ್ಡದು ಮಾಡಿಸಿ ನೋಡಿದರು. ಫೋಟೊದಲ್ಲಿನ ಅಂಚು ಅಚ್ಚ ಕೆಂಪು, ಎಲ್ಲೂ ಕಲಸಿಲ್ಲ. "ಇದು ಅಸಲಿ. ಯಾರೋ ಕೂತು ನೇಯ್ದಿದ್ದಾರೆ" ಎಂದರು. ಯಾರು, ಯಾವ ಊರಿನ ಮಗ್ಗ ಎಂದು ಅಲ್ಲಿ ಬರೆದಿರಲಿಲ್ಲ. ಆ ಫೋಟೊ ಇನ್ನೂ ಅಲ್ಲೇ ಇದೆ, ಕೆಳಗೆ ಬೆಲೆ ಸ್ವಲ್ಪ ಇಳಿದಿದೆ.